ಇಬ್ಬರನ್ನು ಬಿಟ್ಟು ಬನ್ನಿ

1951ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದಿತು. ಆ ಚಳಿಗಾಲ ಮುಗಿಯುವುದರೊಳಗೆ ಕಾಲೇಜು ಆ ತಂಡವನ್ನೇ ಮುಚ್ಚಿಬಿಟ್ಟಿತು. ಸೋತ ತಂಡಗಳನ್ನು ಮುಚ್ಚಿದ್ದು ಕೇಳಿದ್ದೇವೆ. ಒಂದೂ ಸೋಲದ ತಂಡವನ್ನು ಮುಚ್ಚಿದ್ದು ಯಾಕೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕ ಕಥೆ ಇದು.

ನಾನು ಹುಡುಕಲು ಹೊರಟ ಕಾರಣ ಅಷ್ಟೇನೂ ಘನವಾದದ್ದಲ್ಲ. ಪುಣೆಯಲ್ಲಿ ಕೂತು ಅಮೆರಿಕದ ಗಡಿಯಾರಕ್ಕೆ ದುಡಿಯುವ ನಮ್ಮಂಥವರಿಗೆ ಸೆಪ್ಟೆಂಬರ್ ಬಂತೆಂದರೆ ಸೋಮವಾರ ಸಂಜೆಯ ಕಾಲ್‌ಗಳ ಮೊದಲ ಹತ್ತು ನಿಮಿಷ ಹೇಗೆ ಕಳೆಯುತ್ತವೆ ಎಂಬುದು ಗೊತ್ತು. ಆ ಕಡೆಯವರು ಭಾನುವಾರದ ಫುಟ್‌ಬಾಲ್ ಮಾತಾಡುತ್ತಾರೆ, ಈ ಕಡೆಯವರು ಮ್ಯೂಟ್ ಒತ್ತಿ ಚಹಾ ಕುಡಿಯುತ್ತಾರೆ. ಮಾತು ತಿಳಿದುಕೊಳ್ಳೋಣವೆಂದು ಓದಲು ಕೂತೆ. ಈಗಿನ ತಂಡಗಳ ಹೆಸರು ಇವತ್ತಿಗೂ ನನಗೆ ನೆಟ್ಟಗೆ ನೆನಪಿರುವುದಿಲ್ಲ. ಎಪ್ಪತ್ತು ಚಿಲ್ಲರೆ ವರ್ಷ ಹಿಂದಿನ ಈ ತಂಡದ ಹೆಸರುಗಳು ಮಾತ್ರ ನೆನಪಿನಲ್ಲಿ ಉಳಿದುಬಿಟ್ಟವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್, ಆದರೆ ಕೆಲಸವೆಲ್ಲ ಕೈಯದು, ಭುಜದ್ದು. ಕಡೆಗೆ ಹನ್ನೊಂದು ಜನ. ನೂರು ಗಜದ ಅಂಗಳ. ಚೆಂಡು ಕೈಯಲ್ಲಿದ್ದವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು. ಒಂದು ರೀತಿಯಲ್ಲಿ ಪಕ್ಕದ ಹೊಲದವನ ಬದುವನ್ನು ಗೇಣುಗೇಣಾಗಿ ಒತ್ತುವ ವ್ಯವಹಾರ, ಕಬಡ್ಡಿಯ ಹಿಡಿತವನ್ನೂ ಅದಕ್ಕೆ ಸೇರಿಸಿಕೊಳ್ಳಿ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಈ ಲೇಖನಕ್ಕೆ ಇಷ್ಟು ಸಾಕು.

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಎಂದರೆ ಬರ್ಕ್‌ಲಿಯಂತೆ ದೊಡ್ಡ ಸಾಮ್ರಾಜ್ಯವಲ್ಲ. 1855ರಲ್ಲಿ ಜೆಸ್ಯೂಟ್ ಪಾದ್ರಿಗಳು ಆರಂಭಿಸಿ, ಮುಂದೆ ಊರೊಳಗಿನ ಗುಡ್ಡವೊಂದರ ಮೇಲೆ ನೆಲೆ ನಿಂತ ಸಣ್ಣ ಕಾಲೇಜು. ಮಂಗಳೂರಿನವರು ಸೇಂಟ್ ಅಲೋಶಿಯಸ್ ಕಾಲೇಜನ್ನು, ಲೈಟ್‌ಹೌಸ್ ಗುಡ್ಡವನ್ನು ನೆನೆಸಿಕೊಂಡರೆ ಹತ್ತಿರದ ಚಿತ್ರ ಸಿಗುತ್ತದೆ. ನಡೆಸುವವರೂ ಅದೇ ಸಂಘದ ಪಾದ್ರಿಗಳು. ತಂಡದ ಅಡ್ಡಹೆಸರು ಡಾನ್ಸ್. ಮುಂಬೈ ಓದುಗರು ಬೇರೇನೋ ಅರ್ಥ ಮಾಡಿಕೊಳ್ಳುವ ಮೊದಲೇ ಹೇಳುತ್ತೇನೆ, ಇದು ಸ್ಪ್ಯಾನಿಷ್ ಭಾಷೆಯ ಗೌರವಸೂಚಕ, ನಮ್ಮ ‘ರಾಯರು’ ಇದ್ದ ಹಾಗೆ.

ರಾಯರ ಆರ್ಥಿಕ ಪರಿಸ್ಥಿತಿ ಮಾತ್ರ ರಾಯರಂತಿರಲಿಲ್ಲ. ಆಡುತ್ತಿದ್ದದ್ದು ಗೋಲ್ಡನ್ ಗೇಟ್ ಪಾರ್ಕಿನ ಮೂಲೆಯಲ್ಲಿದ್ದ ಊರಿನ ಕೀಝರ್ ಸ್ಟೇಡಿಯಂನಲ್ಲಿ. ಅದೇ ಅಂಗಳದಲ್ಲಿ 1946ರಿಂದ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡವೂ ಆಡುತ್ತಿತ್ತು. ಸುತ್ತಮುತ್ತ ಬರ್ಕ್‌ಲಿ, ಸ್ಟ್ಯಾನ್‌ಫರ್ಡ್‌ನಂಥ ಗಜಗಾತ್ರದ ಕಾಲೇಜುಗಳು. ಟಿಕೆಟ್ ಕೊಳ್ಳುವವರು ಅವರ ಕಡೆ ಹೋಗುತ್ತಿದ್ದರು. ಜೊತೆಗೆ ಟಿವಿ ಬಂದಿತ್ತು. ಆಗಿನ ನಿಯಮದಲ್ಲಿ ಆಟಗಾರರನ್ನು ಎಷ್ಟು ಬೇಕಾದರೂ ಬದಲಿಸಬಹುದಿತ್ತು. ಹಾಗಾಗಿ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ ಎಂದು ದುಡ್ಡಿದ್ದವರು ಎರಡು ತಂಡವನ್ನೇ ಸಾಕತೊಡಗಿದರು. ಸಣ್ಣ ಕ್ಯಾಥೊಲಿಕ್ ಕಾಲೇಜುಗಳಿಗೆ ಇದು ತಾಳಲಿಲ್ಲ. ಕೊಲ್ಲಿಯ ಆಚೆ ದಡದ ಸೇಂಟ್ ಮೇರೀಸ್ ಕಾಲೇಜು 1950ರ ಸೀಸನ್ ಮುಗಿದ ಮೇಲೆ ಫುಟ್‌ಬಾಲ್ ಕೈಬಿಟ್ಟಿತು. ದೂರದ ರಾಜಧಾನಿಯ ಜಾರ್ಜ್‌ಟೌನ್ ಕೂಡ ಅದೇ ಹೊತ್ತಿಗೆ ಬಿಟ್ಟಿತು. ಮುಂದಿನ ಸರದಿ ತಮ್ಮದಿರಬಹುದೆಂಬ ಅಂದಾಜು ಗುಡ್ಡದ ಮೇಲಿನವರಿಗೂ ಇತ್ತು.

ಕೋಚ್ ಜೋ ಕುಹಾರಿಚ್. 1948ರಲ್ಲಿ ಕೆಲಸ ಹಿಡಿದಾಗ ಅವರ ಮೊದಲ ವರ್ಷದ ಲೆಕ್ಕ ಎರಡು ಗೆಲುವು, ಏಳು ಸೋಲು. ಕಠಿಣ ಮನುಷ್ಯ. ಆಗಸ್ಟ್ ತಿಂಗಳ ಬಿಸಿಲಲ್ಲಿ ಹುಡುಗರನ್ನು ಕಾರ್ನಿಂಗ್ ಎಂಬ ಆಲಿವ್ ತೋಟಗಳ ಊರಿಗೆ ಕರೆದೊಯ್ದು ಮೈ ಹಿಂಡುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ತಂಪು ಮಂಜಿಗೆ ಒಗ್ಗಿದ ಮೈಗೆ ಆ ಬಯಲಿನ ಬೇಸಿಗೆ ಏನೆಂದು ಬೆಂಗಳೂರು ಬಿಟ್ಟು ಮೇ ತಿಂಗಳಲ್ಲಿ ಹೈದರಾಬಾದಿಗೆ ಬಂದಿಳಿದವರು ಊಹಿಸಬಲ್ಲರು. ಆ ಬೇಸಿಗೆಯನ್ನು ಆ ಹುಡುಗರು ಮುದುಕರಾದ ಮೇಲೂ ನೆನೆಯುತ್ತಿದ್ದರು. ನನಗೆ ಅನಿಸುವುದೇನೆಂದರೆ, ಮುಂದೆ ನಡೆದದ್ದರ ಬೇರು ಯಾವುದೇ ಆದರ್ಶದ ಭಾಷಣಕ್ಕಿಂತ ಹೆಚ್ಚಾಗಿ ಕಾರ್ನಿಂಗಿನ ಆ ಬೆವರಿನಲ್ಲಿತ್ತು.

ಮೂವತ್ತಕ್ಕೂ ಮಿಕ್ಕಿದ ಆ ಹುಡುಗರಲ್ಲಿ ಕಪ್ಪುಜನಾಂಗದವರು ಇಬ್ಬರೇ. ಒಬ್ಬ ಓಲಿ ಮ್ಯಾಟ್ಸನ್. ಟೆಕ್ಸಸ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವನು, ಓಡಿದರೆ ಹಿಡಿಯುವವರಿಲ್ಲ. ಇನ್ನೊಬ್ಬ ಬರ್ಲ್ ಟೋಲರ್. ಟೆನೆಸಿಯ ಮೆಂಫಿಸ್‌ನವನು, ಎದುರಾಳಿಯ ಓಟಗಾರನನ್ನು ಕೆಡವುವುದರಲ್ಲಿ ಎತ್ತಿದ ಕೈ. ಇಬ್ಬರೂ ದಕ್ಷಿಣದ ರಾಜ್ಯಗಳನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಬಂದವರು, ಮೊದಲು ಅದೇ ಊರಿನ ಸಿಟಿ ಕಾಲೇಜಿನಲ್ಲಿ ಜೊತೆಯಾಗಿ ಆಡಿದವರು. ಉಳಿದವರಲ್ಲಿ ಜೀನೋ ಮಾರ್ಕೆಟಿ ಇಟಲಿಯಿಂದ ವಲಸೆ ಬಂದವರ ಮಗ. ಹದಿಹರೆಯದಲ್ಲೇ ಸೈನ್ಯ ಸೇರಿ, ಯುರೋಪಿನ ‘ಬಲ್ಜ್’ ಕದನದ ಹಿಮದಲ್ಲಿ ಮಷಿನ್ ಗನ್ ಹಿಡಿದು ಕೂತಿದ್ದವನು. ಬಾಬ್ ಸೇಂಟ್ ಕ್ಲೇರ್ ಆರು ಅಡಿ ಒಂಬತ್ತು ಅಂಗುಲದ ಆಳು, ಹಸಿ ಮಾಂಸ ತಿನ್ನುವ ಖ್ಯಾತಿಯವನು. ಎಡ್ ಬ್ರೌನ್ ಕ್ವಾರ್ಟರ್‌ಬ್ಯಾಕ್, ಎಂದರೆ ಪ್ರತಿ ದಾಳಿಯಲ್ಲೂ ಮೊದಲು ಚೆಂಡು ಕೈಗೆ ತೆಗೆದುಕೊಂಡು ಆಟ ನಡೆಸುವವನು. ಪತ್ರಿಕೆಯವರಿಗೆ ಸುದ್ದಿ ಕೊಡುವ ಕೆಲಸ ಪೀಟ್ ರೋಝೆಲ್ ಎಂಬ ಇಪ್ಪತ್ತೈದರ ತರುಣನದು. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

ಸೀಸನ್ ಸೆಪ್ಟೆಂಬರಿನಲ್ಲಿ ಶುರುವಾಯಿತು. ಸ್ಯಾನ್ ಹೋಸೆ ವಿರುದ್ಧ 39-2, ಐಡಹೋ ವಿರುದ್ಧ 28-7, ಕ್ಯಾಂಪ್ ಪೆಂಡಲ್ಟನ್ ಸೈನಿಕರ ವಿರುದ್ಧ 26-0, ಮತ್ತೆ ಸ್ಯಾನ್ ಹೋಸೆ ವಿರುದ್ಧ 42-7. ಗೆಲುವುಗಳೇನೋ ಭರ್ಜರಿ, ಆದರೆ ಪೂರ್ವ ಕರಾವಳಿಯ ಪತ್ರಿಕೆಗಳಿಗೆ ಪಶ್ಚಿಮದ ಸಣ್ಣ ಕಾಲೇಜು ಕಣ್ಣಿಗೇ ಬೀಳುತ್ತಿರಲಿಲ್ಲ. ಅಕ್ಟೋಬರಿನಲ್ಲಿ ತಂಡ ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ಎದುರು ಆಡಿತು. ಇದೊಂದೇ ಅವರಿಗೆ ಕಷ್ಟವಾದ ಪಂದ್ಯ, 32-26. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ತನ್ನ ಕಡೆಯ ತುದಿಯಲ್ಲಿ ಹಿಡಿದು ಮ್ಯಾಟ್ಸನ್ ಅಂಗಳದ ಇನ್ನೊಂದು ತುದಿಯವರೆಗೂ ಓಡಿ ಟಚ್‌ಡೌನ್ ಗಳಿಸಿದ. ಅದೂ ಒಮ್ಮೆಯಲ್ಲ, ಅದೇ ಪಂದ್ಯದಲ್ಲಿ ಎರಡು ಸಲ. ನ್ಯೂಯಾರ್ಕಿನ ಪತ್ರಕರ್ತರ ಬಾಗಿಲಿಗೆ ಆ ಹೆಸರನ್ನು ಮುಟ್ಟಿಸಲು ರೋಝೆಲ್ ಪಟ್ಟ ಪಾಡಿಗೆ ಫಲ ಸಿಕ್ಕಿತು.

ಅದೇ ಅಕ್ಟೋಬರ್ ತಿಂಗಳಲ್ಲಿ ಓಕ್ಲಹೋಮಾದಲ್ಲಿ ಇನ್ನೊಂದು ಪಂದ್ಯ ನಡೆಯಿತು. ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಎಂಬ ಕಪ್ಪು ಆಟಗಾರ, ಚೆಂಡು ಕೈಯಲ್ಲಿಲ್ಲದೆ ಸುಮ್ಮನೆ ನಿಂತಿದ್ದಾಗ, ಎದುರಾಳಿ ತಂಡದ ಬಿಳಿಯ ಆಟಗಾರನೊಬ್ಬ ನುಗ್ಗಿ ಬಂದು ಅವನ ದವಡೆ ಮುರಿದ. ಐಯೋವಾದ ಪತ್ರಿಕೆಯೊಂದರ ಇಬ್ಬರು ಛಾಯಾಗ್ರಾಹಕರು ತೆಗೆದ ಸಾಲು ಚಿತ್ರಗಳಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಮರುವರ್ಷ ಆ ಚಿತ್ರಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಡ್ರೇಕ್ ಪ್ರತಿಭಟಿಸಿ ತನ್ನ ಕ್ರೀಡಾ ಒಕ್ಕೂಟದಿಂದಲೇ ಹೊರನಡೆಯಿತು. ಮ್ಯಾಟ್ಸನ್, ಟೋಲರ್ ಆಡುತ್ತಿದ್ದ ವರ್ಷ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಉಳಿದ ಪಂದ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೌಕಾದಳದ ತಂಡ ಸೋತಿತು, ಸಾಂತಾ ಕ್ಲಾರಾ ಸೋತಿತು. ಕ್ಯಾಲಿಫೋರ್ನಿಯಾದ್ದೇ ಆದ, ಒಳ್ಳೆಯ ಹೆಸರಿದ್ದ ಕಾಲೇಜ್ ಆಫ್ ದ ಪೆಸಿಫಿಕ್ ತಂಡವನ್ನು 47-14ರಿಂದ ನೆಲಕ್ಕೆ ಕೆಡವಿದರು. ಕೊನೆಗೆ ಲೊಯೋಲಾ ವಿರುದ್ಧ 20-2. ಮ್ಯಾಟ್ಸನ್ ಆ ವರ್ಷ 1,566 ಗಜ ಓಡಿ, 21 ಟಚ್‌ಡೌನ್ ಗಳಿಸಿ ಎರಡರಲ್ಲೂ ಇಡೀ ದೇಶಕ್ಕೆ ಮೊದಲಿಗನಾದ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಪ್ರಿನ್ಸ್‌ಟನ್‌ನ ಡಿಕ್ ಕಾಜ್‌ಮೇಯರ್‌ಗೆ ಹೋಯಿತು. ಮ್ಯಾಟ್ಸನ್‌ಗೆ ಸಿಕ್ಕ ಸ್ಥಾನ ಒಂಬತ್ತನೆಯದು.

ಈಗ ‘ಬೌಲ್’ ವಿಷಯ. ಅಮೆರಿಕದಲ್ಲಿ ಕಾಲೇಜು ಸೀಸನ್ ಮುಗಿದ ಮೇಲೆ, ಹೊಸವರ್ಷದ ಆಸುಪಾಸಿನಲ್ಲಿ, ಕೆಲವು ಊರುಗಳು ಒಳ್ಳೆಯ ತಂಡಗಳನ್ನು ಆಹ್ವಾನಿಸಿ ವಿಶೇಷ ಪಂದ್ಯ ನಡೆಸುತ್ತವೆ. ಆಗ ಇದನ್ನು ನಡೆಸುತ್ತಿದ್ದವರು ಬಹುಮಟ್ಟಿಗೆ ಆ ಊರಿನ ವ್ಯಾಪಾರಸ್ಥರು. ಚಳಿಯಿಂದ ಓಡಿಬರುವ ಪ್ರವಾಸಿಗರು ಅವರಿಗೆ ಬೇಕು. ಹಾಗಾಗಿ ಬೌಲ್‌ಗಳು ಇರುತ್ತಿದ್ದದ್ದು ಬೆಚ್ಚನೆಯ ದಕ್ಷಿಣದಲ್ಲಿ. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಡಲಸ್‌ನಲ್ಲಿ ಕಾಟನ್ ಬೌಲ್. ಕಿತ್ತಳೆ, ಸಕ್ಕರೆ, ಹತ್ತಿ. ಕೊನೆಯ ಎರಡು ಬೆಳೆಗಳನ್ನು ಆ ಸೀಮೆಯಲ್ಲಿ ತಲೆಮಾರುಗಳ ಕಾಲ ಯಾರ ಕೈಯಿಂದ ಬೆಳೆಸಿದರು ಎಂಬುದು ಎಲ್ಲರಿಗೂ ತಿಳಿದದ್ದೇ. ಆ ಹೆಸರಿನ ಪಂದ್ಯಗಳ ಅಂಗಳಕ್ಕೆ ಮಾತ್ರ ಅವರ ಮೊಮ್ಮಕ್ಕಳು ಬಹುಕಾಲ ಕಾಲಿಡುವಂತಿರಲಿಲ್ಲ.

ಇದೆಲ್ಲ ಬರೆದಿಟ್ಟ ಕಾನೂನಿಗಿಂತ ಹೆಚ್ಚಾಗಿ ‘ಸಭ್ಯರ ಒಪ್ಪಂದ’ದಂತೆ ನಡೆಯುತ್ತಿತ್ತು. ಉತ್ತರದ ಕಾಲೇಜೊಂದು ದಕ್ಷಿಣದ ತಂಡದ ಎದುರು ಆಡುವಾಗ ತನ್ನ ಕಪ್ಪು ಆಟಗಾರರನ್ನು ತಾನೇ ಮನೆಯಲ್ಲಿ ಬಿಟ್ಟು ಬರಬೇಕು. ಯಾರೂ ಯಾರಿಗೂ ಬೈಯುವ ಹಾಗಿಲ್ಲ, ಪತ್ರಿಕೆಗೆ ಹೋಗುವ ಹಾಗಿಲ್ಲ. ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಎಷ್ಟೋ ಒಳ್ಳೊಳ್ಳೆಯ ಕಾಲೇಜುಗಳು ಇದಕ್ಕೆ ತಲೆಯಾಡಿಸಿದವು. ಎರಡನೆಯ ಮಹಾಯುದ್ಧದ ನಂತರ ಅಲ್ಲೊಂದು ಇಲ್ಲೊಂದು ತಲೆ ಅಡ್ಡಡ್ಡ ಆಡತೊಡಗಿತು. 1946ರಲ್ಲಿ ಪೆನ್ ಸ್ಟೇಟ್ ತಂಡ, ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಮಯಾಮಿಗೆ ಹೋಗುವ ಬದಲು ಆ ಪಂದ್ಯವನ್ನೇ ರದ್ದು ಮಾಡಿತು. 1948ರ ಕೊನೆಯಲ್ಲಿ ಲಫಾಯೆಟ್ ಎಂಬ ಚಿಕ್ಕ ಕಾಲೇಜು ಡೇವಿಡ್ ಶೋವೆಲ್ ಎಂಬ ತನ್ನ ಆಟಗಾರನಿಗೆ ಅವಕಾಶವಿಲ್ಲವೆಂದಾಗ ಟೆಕ್ಸಸ್‌ನ ಸನ್ ಬೌಲ್ ಆಹ್ವಾನವನ್ನು ತಿರಸ್ಕರಿಸಿತು. ಹಾಗಾಗಿ ಡಾನ್ಸ್ ಈ ದಾರಿಯಲ್ಲಿ ಮೊದಲಿಗರಲ್ಲ. ಆದರೆ ಅವರಷ್ಟು ಬೆಲೆ ತೆತ್ತವರು ಕಡಿಮೆ.

ಆಟಗಾರರು ಮುಂದೆ ಹೇಳಿಕೊಂಡ ಪ್ರಕಾರ ನಡೆದದ್ದಿಷ್ಟು. ಒಂಬತ್ತು ಗೆಲುವಿನ ಮೇಲೆ ಮಾತು ಬಂತು: ನೀವು ಬರಬಹುದು, ಆದರೆ ಆ ಇಬ್ಬರನ್ನು ಬಿಟ್ಟು ಬನ್ನಿ. ಕುಹಾರಿಚ್ ಇದನ್ನು ಹುಡುಗರ ಮುಂದೆ ಇಟ್ಟರು. ಬೌಲ್ ಪಂದ್ಯದ ಹಣ ಬಂದರೆ ಕಾಲೇಜಿನಲ್ಲಿ ಫುಟ್‌ಬಾಲ್ ಉಳಿಯಬಹುದು, ಬರದಿದ್ದರೆ ಕಷ್ಟ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮತ ಹಾಕಲಿಲ್ಲ, ಚರ್ಚೆಯೂ ಆಗಲಿಲ್ಲ. ಇಲ್ಲ ಎಂದರು, ಎದ್ದರು. ಮಾರ್ಕೆಟಿ, ಸೇಂಟ್ ಕ್ಲೇರ್ ಎಲ್ಲ ಮುಪ್ಪಿನಲ್ಲಿ ಕೊಟ್ಟ ಸಂದರ್ಶನಗಳನ್ನು ನೋಡಿದರೆ ಅವರಿಗೆ ಅದನ್ನು ದೊಡ್ಡ ತ್ಯಾಗವೆಂದು ಬಣ್ಣಿಸುವ ಉಮೇದೇ ಕಾಣುವುದಿಲ್ಲ. ಬೇರೆ ಉತ್ತರ ಸಾಧ್ಯವಿತ್ತೇ ಎಂದು ಅವರೇ ನಮ್ಮನ್ನು ಕೇಳುವ ಹಾಗಿದೆ.

ನನ್ನನ್ನು ಹಿಡಿದದ್ದು ಈ ಜಾಗ. ಈ ಷರತ್ತಿನ ಜಾಣತನವನ್ನು ಗಮನಿಸಿ. ಅದು ಯಾರಿಗೂ ‘ನೀನು ಬೇಡ’ ಎಂದು ಮುಖಕ್ಕೆ ಹೇಳುವುದಿಲ್ಲ. ಹೇಳುವ ಕೆಲಸವನ್ನು ಗೆಳೆಯರಿಗೇ ಒಪ್ಪಿಸುತ್ತದೆ. ಮುಂಬೈಯಲ್ಲೋ ಪುಣೆಯಲ್ಲೋ ನಾಲ್ಕು ಜನ ಸೇರಿ ಬಾಡಿಗೆಗೆ ಫ್ಲ್ಯಾಟ್ ಹುಡುಕಿದವರಿಗೆ ಈ ದನಿಯ ಪರಿಚಯವಿದೆ. ಬ್ರೋಕರ್ ಎಲ್ಲರ ಹೆಸರು ಕೇಳಿಕೊಳ್ಳುತ್ತಾನೆ, ಏನು ಊಟ ಮಾಡುತ್ತೀರಿ ಎಂದು ಕೇಳುತ್ತಾನೆ, ಆಮೇಲೆ ಒಬ್ಬರನ್ನು ಬದಿಗೆ ಕರೆದು ಮೆಲ್ಲಗೆ, ನೀವು ಮೂವರಾದರೆ ಇವತ್ತೇ ಕೀಲಿ ಕೊಡಿಸುತ್ತೇನೆ ಎನ್ನುತ್ತಾನೆ. ನಾಲ್ಕನೆಯವನಿಗೆ ವಿಷಯ ತಿಳಿಸಬೇಕಾದವರು ಮಾಲೀಕರೂ ಅಲ್ಲ, ಬ್ರೋಕರನೂ ಅಲ್ಲ.

ಧಾರವಾಡದವನಾದ ನನಗೆ ಇಲ್ಲಿ ಇನ್ನೊಬ್ಬರು ನೆನಪಾಗದೆ ಇರುವುದಿಲ್ಲ. ಪಾಲ್ವಣಕರ್ ಬಾಳೂ ಧಾರವಾಡದಲ್ಲಿ ಹುಟ್ಟಿದವರು, ಪುಣೆಗೂ ಮುಂಬೈಗೂ ಹೋಗಿ ಹೆಸರು ಮಾಡಿದವರು. ಒಂದರ್ಥದಲ್ಲಿ ನಮ್ಮ ದಾರಿಯಲ್ಲೇ ನೂರಿಪ್ಪತ್ತು ವರ್ಷ ಮುಂದೆ ಹೋದವರು. ಇಲ್ಲಿನ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ನೆಟ್‌ನಲ್ಲಿ ಸಾಹೇಬರಿಗೆ ಚೆಂಡು ಹಾಕುತ್ತ ಹಾಕುತ್ತ ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದರು. ಅಸ್ಪೃಶ್ಯವೆಂದು ದೂರವಿಟ್ಟಿದ್ದ ಜಾತಿ ಅವರದು. ಯುರೋಪಿಯನ್ನರನ್ನು ಸೋಲಿಸಲು ಪುಣೆಯ ಹಿಂದೂ ತಂಡಕ್ಕೆ ಅವರು ಬೇಕಾಗಿದ್ದರು. ಅಂಗಳದಲ್ಲಿ ಒಂದೇ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲು, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆ. ಇದನ್ನು ವಿವರವಾಗಿ ಬರೆದವರು ರಾಮಚಂದ್ರ ಗುಹಾ. ಓದುವಾಗ ನನ್ನ ಕಣ್ಣು ಹುಡುಕಿದ್ದು ಬಾಳೂ ಅವರನ್ನಲ್ಲ, ಒಳಗೆ ಕೂತು ಚಹಾ ಕುಡಿದ ಉಳಿದ ಹತ್ತು ಜನರನ್ನು. ನಾಯಕತ್ವ ಮತ್ತೆ ಮತ್ತೆ ಬಾಳೂ ಅವರ ಕೈತಪ್ಪಿದಾಗ 1920ರಲ್ಲಿ ಪ್ರತಿಭಟಿಸಿ ತಂಡದಿಂದ ಹೊರಬಂದವರು ಅವರ ಸ್ವಂತ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ. 1923ರಲ್ಲಿ ವಿಠ್ಠಲ ನಾಯಕರಾದರು. ಬಾಳೂ ಆಗಲೇ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೋಗೆ ಮರಳೋಣ. ಆಗ ಹೊರಗೆ ಹೇಳಿದ ಕಾರಣ ಬೇರೆ: ಡಾನ್ಸ್ ಎದುರಿಸಿದ ತಂಡಗಳು ದುರ್ಬಲ, ಹಾಗಾಗಿ ಆಹ್ವಾನ ಬರಲಿಲ್ಲ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಸೈನಿಕರ ಶಿಬಿರದ ತಂಡಗಳು, ಒಂದೇ ಸ್ಯಾನ್ ಹೋಸೆ ಎರಡು ಸಲ, ಇಂಥ ಪಟ್ಟಿ ನೋಡಿದವರು ಮೂಗು ಮುರಿದರೆ ತಪ್ಪೇನಿಲ್ಲ. ದೇಶದ ಪಟ್ಟಿಯಲ್ಲಿ ಪತ್ರಕರ್ತರು ಅವರಿಗೆ ಕೊಟ್ಟ ಕೊನೆಯ ಸ್ಥಾನವೂ ಹದಿನಾಲ್ಕೇ. ಆದರೆ ಡಾನ್ಸ್ ಎದುರು 47-14ರಿಂದ ಸೋತ ಪೆಸಿಫಿಕ್ ತಂಡಕ್ಕೆ ಸನ್ ಬೌಲ್ ಆಹ್ವಾನ ಸಿಕ್ಕಿತು! ಇಲ್ಲೊಂದು ತಿರುವಿದೆ, ಮುಚ್ಚಿಡಬಾರದು: ಪೆಸಿಫಿಕ್ ತಂಡದಲ್ಲೂ ಎಡಿ ಮೇಕನ್ ಎಂಬ ಕಪ್ಪು ಆಟಗಾರನಿದ್ದ. ಮೂರು ವರ್ಷ ಹಿಂದೆ ಲಫಾಯೆಟ್‌ಗೆ ಮುಚ್ಚಿದ್ದ ಬಾಗಿಲನ್ನು ಸನ್ ಬೌಲ್ ಅಷ್ಟರಲ್ಲಿ ಸಡಿಲಿಸಿತ್ತು. ಅಂದರೆ ಇಡೀ ದಕ್ಷಿಣ ಒಂದೇ ಗೋಡೆಯಾಗಿರಲಿಲ್ಲ. ಊರೂರಿಗೆ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಕಾವಲುಗಾರರು. ಡಾನ್ಸ್ ಆಟಗಾರರ ನೆನಪಿನಲ್ಲಿರುವ ಹೆಸರು ಆರೆಂಜ್ ಬೌಲ್. ಅಲ್ಲಿ 1952ರ ಹೊಸವರ್ಷದಂದು ಆಡಿದ್ದು ಜಾರ್ಜಿಯಾ ಟೆಕ್ ಮತ್ತು ಬೇಲರ್, ಎರಡೂ ಬರೀ ಬಿಳಿಯರ ತಂಡ. ಆರೆಂಜ್ ಬೌಲ್‌ನಲ್ಲಿ ಕಪ್ಪು ಆಟಗಾರರು ಆಡಿದ್ದು 1955ರಲ್ಲಿ. 1956ರ ಶುಗರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ತಂಡದ ಬಾಬಿ ಗ್ರೀರ್ ಆಡುತ್ತಾನೆಂದು ತಿಳಿದಾಗ ಜಾರ್ಜಿಯಾದ ಗವರ್ನರ್ ತಮ್ಮ ರಾಜ್ಯದ ತಂಡ ಅಲ್ಲಿಗೆ ಹೋಗಬಾರದೆಂದು ಪಟ್ಟು ಹಿಡಿದರು. ಆಗ ಅಟ್ಲಾಂಟದ ಬಿಳಿಯ ವಿದ್ಯಾರ್ಥಿಗಳೇ ಗವರ್ನರ್ ವಿರುದ್ಧ ಬೀದಿಗಿಳಿದು ಗಲಾಟೆ ಎಬ್ಬಿಸಿದರು. ಸಮಾನತೆಗಾಗಿ ಇಳಿದರೋ, ಬೌಲ್ ಪಂದ್ಯ ತಪ್ಪುತ್ತದೆಂದು ಇಳಿದರೋ! ನನ್ನ ಓಟು ಎರಡನೆಯದಕ್ಕೆ.

ಬೌಲ್ ಇಲ್ಲ, ಹಣವಿಲ್ಲ. ಡಾನ್ಸ್ ಆಟ ನಿಂತಿತು. ಲೊಯೋಲಾ ಕೂಡ ಅದೇ ಚಳಿಗಾಲ ಫುಟ್‌ಬಾಲ್ ಬಿಟ್ಟಿತು, ಸಾಂತಾ ಕ್ಲಾರಾ ಮರುವರ್ಷ, ನ್ಯೂಯಾರ್ಕಿನ ಫೋರ್ಡಮ್ 1954ರ ನಂತರ. ಹೀಗಾಗಿ ಬೌಲ್ ಹಣ ಬಂದಿದ್ದರೂ ಆ ಕಾಲೇಜು ಬಹುಕಾಲ ತಾಳುತ್ತಿರಲಿಲ್ಲ ಎನ್ನುವುದು ನನ್ನ ಅನಿಸಿಕೆ. ಆದರೆ ಅದು ನಮ್ಮ ಈಗಿನ ಲೆಕ್ಕ. ಆ ಕೋಣೆಯಲ್ಲಿ ಕೂತಿದ್ದ ಇಪ್ಪತ್ತರ ಹರೆಯದ ಹುಡುಗರಿಗೆ, ಅದರಲ್ಲೂ ಇನ್ನೂ ಓದು ಮುಗಿಯದವರಿಗೆ, ಮುಂದಿನ ವರ್ಷದ ಆಟವೇ ಪಣವಾಗಿತ್ತು. ಸೇಂಟ್ ಕ್ಲೇರ್ ಅಂಥವನೊಬ್ಬ. ಕೊನೆಯ ವರ್ಷ ಆಡಲು ಅವನು ಊರು ಬಿಟ್ಟು ಓಕ್ಲಹೋಮಾದ ತುಲ್ಸಾಕ್ಕೆ ಹೋಗಬೇಕಾಯಿತು.

ಆಮೇಲಿನ ಕಥೆ ಗೆಲುವಿನದೇ. ಆ ಒಂದು ತಂಡದಿಂದ ಹತ್ತಿರ ಹತ್ತು ಜನ ವೃತ್ತಿಪರ ಫುಟ್‌ಬಾಲ್‌ಗೆ ಹೋದರು. ಮ್ಯಾಟ್ಸನ್ ಮೊದಲು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದ. (ಕರಾಡದ ಕಡೆಯ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದದ್ದೂ ಅದೇ ಹೆಲ್ಸಿಂಕಿಯಿಂದ.) 1959ರಲ್ಲಿ ಅವನೊಬ್ಬನನ್ನು ಪಡೆಯಲು ಲಾಸ್ ಏಂಜಲಿಸ್ ತಂಡ ಒಂಬತ್ತು ಜನರನ್ನು ಬಿಟ್ಟುಕೊಟ್ಟಿತು. ಮ್ಯಾಟ್ಸನ್, ಮಾರ್ಕೆಟಿ ಇಬ್ಬರೂ 1972ರಲ್ಲಿ, ಸೇಂಟ್ ಕ್ಲೇರ್ 1990ರಲ್ಲಿ ಆ ಆಟದ ಹಾಲ್ ಆಫ್ ಫೇಮ್ ಸೇರಿದರು. ಸುದ್ದಿ ಹಂಚುತ್ತಿದ್ದ ಪೀಟ್ ರೋಝೆಲ್ 1960ರಲ್ಲಿ ಇಡೀ ವೃತ್ತಿಪರ ಲೀಗಿನ ಕಮಿಷನರ್ ಆಗಿ 1989ರವರೆಗೆ ಆಳಿದ. ಸೂಪರ್ ಬೌಲ್ ಎಂಬ ಇವತ್ತಿನ ಜಾತ್ರೆ ಶುರುವಾದದ್ದು ಅವನ ಕಾಲದಲ್ಲೇ. ಫುಟ್‌ಬಾಲ್ ಕಳೆದುಕೊಂಡ ಕಾಲೇಜು ಬಾಸ್ಕೆಟ್‌ಬಾಲ್ ಹಿಡಿಯಿತು. ಬಿಲ್ ರಸೆಲ್, ಕೆ. ಸಿ. ಜೋನ್ಸ್ ಎಂಬ ಕಪ್ಪು ಹುಡುಗರನ್ನು ಮುಂದಿಟ್ಟುಕೊಂಡು 1955, 1956 ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು.

ಬರ್ಲ್ ಟೋಲರ್‌ಗೆ ಮಾತ್ರ ಅದೃಷ್ಟ ಕೈಕೊಟ್ಟಿತು. ತಂಡದಲ್ಲೆಲ್ಲ ಅವನೇ ಶ್ರೇಷ್ಠ ಎಂದು ಜೊತೆಗಾರರೇ ಹೇಳುತ್ತಿದ್ದರು. ಕ್ಲೀವ್‌ಲೆಂಡ್ ತಂಡ ಅವನನ್ನು ಆರಿಸಿಕೊಂಡಿತ್ತು. 1952ರ ಬೇಸಿಗೆಯಲ್ಲಿ ಕಾಲೇಜು ತಾರೆಯರ ಪ್ರದರ್ಶನ ಪಂದ್ಯದಲ್ಲಿ ಮಂಡಿ ಮುರಿಯಿತು. ವೃತ್ತಿಪರನಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿ ಶಾಲಾ ಮೇಷ್ಟ್ರಾದರು, ಬೆಂಜಮಿನ್ ಫ್ರಾಂಕ್ಲಿನ್ ಶಾಲೆಯ ಪ್ರಾಂಶುಪಾಲರಾದರು. (ಮೇಷ್ಟ್ರಾದ ಮೇಲೆ ಏಕವಚನ ನನ್ನ ಬಾಯಿಗೆ ಬರುವುದಿಲ್ಲ.) 1965ರಲ್ಲಿ, ರೋಝೆಲ್ ಕಮಿಷನರ್ ಆಗಿದ್ದಾಗ, ಅದೇ ಲೀಗಿಗೆ ಪಂದ್ಯದ ಅಧಿಕಾರಿಯಾಗಿ ಸೇರಿದರು. ಅಮೆರಿಕದ ಯಾವ ದೊಡ್ಡ ವೃತ್ತಿಪರ ಕ್ರೀಡೆಯಲ್ಲೂ ಅದಕ್ಕೆ ಮೊದಲು ಕಪ್ಪುಜನಾಂಗದ ಅಂಪೈರ್ ಇರಲಿಲ್ಲ. ವಾರವಿಡೀ ಶಾಲೆ, ಭಾನುವಾರ ಅಂಗಳ, ಹೀಗೆ 25 ಸೀಸನ್.

2009ರಲ್ಲಿ ಅವರು ತೀರಿಕೊಂಡರು. ಗುಡ್ಡದ ಮೇಲಿನ ಆ ಕಾಲೇಜಿನಲ್ಲಿ ಫೀಲನ್ ಹಾಲ್ ಎಂಬ ವಿದ್ಯಾರ್ಥಿ ನಿಲಯವೊಂದಿತ್ತು. ಜೇಮ್ಸ್ ಫೀಲನ್ ಆ ಊರಿನ ಮೇಯರ್ ಆಗಿದ್ದವರು, ಮುಂದೆ ಸೆನೆಟರ್. ಕ್ಯಾಲಿಫೋರ್ನಿಯಾ ಬಿಳಿಯರದ್ದಾಗಿಯೇ ಉಳಿಯಲಿ ಎಂಬ ಘೋಷಣೆಯಿಟ್ಟು 1920ರಲ್ಲಿ ಚುನಾವಣೆಗೆ ನಿಂತವರು. ಅವರ ಸಿಟ್ಟು ಮುಖ್ಯವಾಗಿ ಏಷ್ಯಾದಿಂದ ಬಂದವರ ಮೇಲೆ, ಎಂದರೆ ನಮ್ಮ ಬಣ್ಣದವರೂ ಆ ಲೆಕ್ಕದೊಳಗೇ. ವಿದ್ಯಾರ್ಥಿಗಳು ಒತ್ತಾಯಿಸಿದರು. 2017ರಲ್ಲಿ ಆ ಹೆಸರು ತೆಗೆದು ಕಟ್ಟಡಕ್ಕೆ ಬರ್ಲ್ ಟೋಲರ್ ಹೆಸರಿಟ್ಟರು.

ಒಂದು ವಿವರ ಬಾಕಿ ಉಳಿಯಿತು. ಡಾನ್ಸ್ ತಮ್ಮ ಕೊನೆಯ ಪಂದ್ಯವನ್ನು, ಲೊಯೋಲಾ ವಿರುದ್ಧದ ಆ 20-2ರ ಪಂದ್ಯವನ್ನು, ಆಡಿದ್ದು ಪ್ಯಾಸಡೀನಾದ ರೋಸ್ ಬೌಲ್ ಸ್ಟೇಡಿಯಂನಲ್ಲಿ. ‘ಬೌಲ್’ ಎಂಬ ಹೆಸರೇ ಈ ಪಂದ್ಯಗಳಿಗೆ ಬಂದದ್ದು ಬಟ್ಟಲಿನಾಕಾರದ ಆ ಅಂಗಳದಿಂದ. 1980ರ ಜನವರಿಯಲ್ಲಿ ಅಲ್ಲಿ ಸೂಪರ್ ಬೌಲ್ ನಡೆಯಿತು, ಪಿಟ್ಸ್‌ಬರ್ಗ್ ಮತ್ತು ಲಾಸ್ ಏಂಜಲಿಸ್ ನಡುವೆ. ನೋಡಲು ಸೇರಿದ್ದವರು 1,03,985 ಜನ. ಅಂಗಳದ ಅಂಚಿನಲ್ಲಿ ಕಪ್ಪುಬಿಳಿ ಪಟ್ಟೆಯ ಅಂಗಿ ತೊಟ್ಟು, ಹತ್ತು ಗಜ ಅಳೆಯುವ ಸರಪಳಿಯ ಉಸ್ತುವಾರಿ ಹೊತ್ತು, ಚೆಂಡು ಎಲ್ಲಿಯವರೆಗೆ ಬಂತು ಎಂದು ನೋಡಿ ಹೇಳುತ್ತಿದ್ದವರು ಬರ್ಲ್ ಟೋಲರ್. ಸೂಪರ್ ಬೌಲ್‌ನಲ್ಲಿ ಆ ಅಂಗಿ ತೊಟ್ಟ ಮೊದಲ ಕಪ್ಪು ಮನುಷ್ಯ. ಆಗ ಅವರಿಗೆ ಐವತ್ತೊಂದು ವರ್ಷ.